ಏನಂತ ಕರೆಯೋದು?

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ದತ್ತು ಹೋದ ಹುಡುಗನೊಬ್ಬನ ಪ್ರಶ್ನೆಗೆ ನಾಲ್ಕೇ ಸಾಲು ಉತ್ತರ ಕೊಟ್ಟು ಮುಗಿಸಿದ್ದೆ. ‘ಹೆತ್ತವರನ್ನು ನೋಡಬೇಕು ಅನ್ನಿಸೋದು ತಪ್ಪಾ’ ಎಂದು ಕೇಳಿದ್ದ. ‘ಖಂಡಿತ ಅಲ್ಲ’ ಎಂದಿದ್ದೆ. ಅಷ್ಟಕ್ಕೇ ಬಿಟ್ಟದ್ದು ನನ್ನ ತಪ್ಪು. ಆಮೇಲೆ ಬಂದ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಇದೇ ವಿಷಯ. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ಎತ್ತಿಕೊಂಡಿದ್ದೇನೆ. (ಅತ್ತೆ-ಸೊಸೆ ಜಗಳದವರು ಒಂದು ತಿಂಗಳು ಕಾಯಿರಿ, ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ.) ಬರೆದವರ ಗುರುತು ಸಿಗಬಾರದೆಂದು ಊರು, ವಯಸ್ಸು, ಕೆಲಸ ಅಲ್ಲಲ್ಲಿ ಬದಲಿಸಿದ್ದೇನೆ.

ಅಕ್ಕಾ, ನನಗೆ 34 ವರ್ಷ. ಮದುವೆಯಾಗಿದೆ, ಒಬ್ಬಳು ಮಗಳಿದ್ದಾಳೆ. ಹೋದ ವರ್ಷ ಅಪ್ಪ ತೀರಿಕೊಂಡರು. ಬ್ಯಾಂಕಿನ ಕಾಗದಕ್ಕೆಂದು ಬೀರುವಿನ ಒಳಗಿನ ಲಾಕರ್ ತೆಗೆದಾಗ ಒಂದು ಹಳದಿ ಕವರ್ ಸಿಕ್ಕಿತು. ಅದರಲ್ಲಿ ಕೋರ್ಟ್ ಆದೇಶದ ಪ್ರತಿ. ಏಳು ತಿಂಗಳ ಮಗುವಾಗಿದ್ದಾಗ ನನ್ನನ್ನು ಒಂದು ಅನಾಥಾಲಯದಿಂದ ದತ್ತು ತಂದಿದ್ದಾರೆ. ಅಮ್ಮ ಅಡುಗೆಮನೆಯಲ್ಲಿದ್ದರು. ನಾನು ಕವರ್ ಇದ್ದಲ್ಲೇ ಇಟ್ಟು ಬೀಗ ಹಾಕಿದೆ. ಇವತ್ತಿಗೂ ಕೇಳಿಲ್ಲ. ಆಮೇಲೆ ಮಗಳಿಗೆ ಫಿಟ್ಸ್ ಬಂತು. ಡಾಕ್ಟರ್ ‘ನಿಮ್ಮ ಕಡೆ ಯಾರಿಗಾದರೂ ಇತ್ತಾ’ ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ‘ಇಲ್ಲ’ ಅಂದರು. ಹೆತ್ತವಳನ್ನು ಹುಡುಕಬೇಕು ಅಕ್ಕ. ಅಮ್ಮನಿಗೆ ಗೊತ್ತಾಗದ ಹಾಗೆ ಹುಡುಕಬಹುದಾ? ಸಿಕ್ಕರೆ ಅವರನ್ನು ಏನಂತ ಕರೀಲಿ?
— ಹೆಸರು ಬೇಡ, ಮೈಸೂರು

ಹುಡುಕಬಹುದು. ಅದಕ್ಕೆ ದಾರಿಯೂ ಇದೆ. ಸರ್ಕಾರಿ ಭಾಷೆಯಲ್ಲಿ ಇದನ್ನು ರೂಟ್ ಸರ್ಚ್ ಎನ್ನುತ್ತಾರೆ. 18 ತುಂಬಿದವರು ತಾವೊಬ್ಬರೇ ಅರ್ಜಿ ಹಾಕಬಹುದು, ಸಾಕಿದವರ ಸಹಿ ಬೇಕಿಲ್ಲ. 18ಕ್ಕಿಂತ ಚಿಕ್ಕವರಾದರೆ ಮಾತ್ರ ಅವರ ಜೊತೆ ಸೇರಿ ಹಾಕಬೇಕು. ದೆಹಲಿಯಲ್ಲಿ ಕಾರಾ ಇದೆ, ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ. ಅಲ್ಲಿಗೆ ಬರೆಯಬಹುದು. ಇಲ್ಲವೇ ನಿಮ್ಮನ್ನು ದತ್ತು ಕೊಟ್ಟ ಸಂಸ್ಥೆಗೆ, ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬಹುದು. ದತ್ತು ಹೋದವರು ಬಂದು ಕೇಳಿದರೆ ಸಹಾಯ ಮಾಡಬೇಕು ಎಂದು 2022ರ ದತ್ತು ನಿಯಮಗಳು ಇವರಿಗೆಲ್ಲ ಹೇಳುತ್ತವೆ. ಕೌಂಟರಿನಲ್ಲಿ ಕೂತವರು ‘ಅದೆಲ್ಲ ಕೊಡೋದಿಲ್ಲ’ ಅಂದರೆ ಹೆದರಿ ಬರಬೇಡಿ. ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಆ ಕೋರ್ಟ್ ಆದೇಶದ ಮೇಲೆ ಕೇಸ್ ನಂಬರ್, ವರ್ಷ ಇರುತ್ತೆ. ಫೋನಿನಲ್ಲಿ ಅದರ ಫೋಟೊ ತೆಗೆದಿಡಿ. ಈಗ ದತ್ತು ಆದೇಶ ಕೊಡುವುದು ಜಿಲ್ಲಾಧಿಕಾರಿ, 2022ರ ಸೆಪ್ಟೆಂಬರಿನಿಂದ ಹಾಗಾಗಿದೆ. ನಿಮ್ಮ ಕಾಲದಲ್ಲಿ ಅನಾಥಾಲಯದಿಂದ ಮಗು ಕೊಡಬೇಕೆಂದರೆ ಕೋರ್ಟಿನ ಅನುಮತಿ ಬೇಕಿತ್ತು. ಸಂಸ್ಥೆ ಮುಚ್ಚಿಹೋಗಿದ್ದರೂ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಕಡತ ಉಳಿದಿದ್ದರೆ ನಕಲಿಗೆ ಅರ್ಜಿ ಹಾಕಬಹುದು.

ಕಡತದಲ್ಲಿ ಏನಿರುತ್ತೆ ಅನ್ನುವುದು ನೀವು ಅಲ್ಲಿಗೆ ಹೇಗೆ ಬಂದಿರಿ ಅನ್ನುವುದರ ಮೇಲೆ ಹೋಗುತ್ತೆ. ತಾಯಿಯೇ ಬಂದು ಒಪ್ಪಿಸಿದ್ದರೆ ಒಂದು ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿರುತ್ತಾರೆ. ಹೆಸರು, ಊರು ಇರಬಹುದು, ಅದು ನಿಜವೇ ಆಗಿರಬೇಕು ಅಂತೇನಿಲ್ಲ. ಹೆದರಿಕೊಂಡು ಸುಳ್ಳು ವಿಳಾಸ ಬರೆಸಿದ ಹೆಣ್ಣುಮಕ್ಕಳು ಎಷ್ಟೋ ಜನ. ಎಲ್ಲೋ ಬಿಟ್ಟುಹೋದ ಮಗುವಾಗಿದ್ದರೆ ಪೊಲೀಸ್ ಕಾಗದ ಇರುತ್ತೆ. ಸಿಕ್ಕ ಜಾಗ, ಹೊತ್ತು, ಮೈಮೇಲೆ ಏನಿತ್ತು, ಅಷ್ಟೇ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ನಾನು ಕೌನ್ಸೆಲಿಂಗ್ ಮಾಡುತ್ತಿದ್ದ ದಿನಗಳಲ್ಲಿ ಒಬ್ಬರು ಕಡತ ತೆರೆದಾಗ ಅದರಲ್ಲಿದ್ದದ್ದು ಎರಡೇ ಹಾಳೆ. ಅದರಲ್ಲಿ ಒಂದು ಹಾಲಿನ ಪುಡಿಯ ರಸೀತಿ. ಆ ಮನುಷ್ಯ ರಸೀತಿಯನ್ನೇ ಹತ್ತು ನಿಮಿಷ ಓದಿದರು.

ಇನ್ನೊಂದು ಗೊತ್ತಿರಲಿ. ಮಗು ಒಪ್ಪಿಸುವಾಗ ತಾಯಿ ‘ನನ್ನ ಹೆಸರು ಹೇಳಬೇಡಿ’ ಎಂದು ಕೇಳಿಕೊಂಡಿದ್ದರೆ ಈಗ ಮತ್ತೆ ಅವರ ಒಪ್ಪಿಗೆ ಕೇಳುತ್ತಾರೆ. ಒಪ್ಪದಿದ್ದರೆ, ಅಥವಾ ಅವರು ಸಿಗದೇ ಹೋದರೆ, ಯಾವ ಪರಿಸ್ಥಿತಿಯಲ್ಲಿ ಯಾಕೆ ಒಪ್ಪಿಸಿದರು ಅನ್ನುವುದನ್ನಾದರೂ ನಿಮಗೆ ತಿಳಿಸಬೇಕು. ಅಧಿಕಾರಿ ಅವರನ್ನು ಮಾತಾಡಿಸುವುದೇ ಆದರೆ ಫಿಟ್ಸ್ ವಿಷಯವನ್ನು ಬೇರೆಯಾಗಿ ಬರೆದು ಕೊಡಿ. ಭೇಟಿ ಬೇಡ ಅನ್ನುವ ತಾಯಿ ಕೂಡ ಮೊಮ್ಮಗಳ ಕಾಯಿಲೆಗೆ ಒಂದು ಮಾತು ಹೇಳಿಕಳಿಸಬಹುದು.

ಚಿಕ್ಕಂದಿನ ಫೋಟೊ ಹಾಕಿ ‘ಇವಳ ತಾಯಿ ಗೊತ್ತಾ, ಶೇರ್ ಮಾಡಿ’ ಎಂದು ಫೇಸ್‌ಬುಕ್ಕಿಗೆ ಬಿಡಬೇಡಿ. ಅದು ನಿಮ್ಮೊಬ್ಬರ ಗುಟ್ಟಲ್ಲ. ಆಮೇಲೆ ‘ನಾನೇ ನಿನ್ನ ತಾಯಿ, ಬರಲು ಬಸ್ ಚಾರ್ಜ್ ಕಳಿಸು’ ಅನ್ನುವವರೂ ಹುಟ್ಟಿಕೊಳ್ಳುತ್ತಾರೆ. ಡಿಎನ್ಎ ಕಿಟ್ ಬಗ್ಗೆ ಕೆಲವರು ಕೇಳಿದ್ದಾರೆ. ನೆಂಟರೂ ಅದೇ ಕಂಪನಿಗೆ ಎಂಜಲು ಕಳಿಸಿದ್ದರೆ ಮಾತ್ರ ಅದರಲ್ಲಿ ಹೊಂದಾಣಿಕೆ ಸಿಗುತ್ತೆ. ನಮ್ಮ ಹಳ್ಳಿಗಳಲ್ಲಿ ಯಾರು ಕಳಿಸಿರುತ್ತಾರೆ ಹೇಳಿ.

ಈಗ ಅಮ್ಮನ ವಿಷಯ. ಗೊತ್ತಾಗದ ಹಾಗೆ ಹುಡುಕಬಹುದು, ಆದರೆ ಬೇಡ ಅನ್ನುತ್ತೇನೆ. ನೀತಿ ಹೇಳುತ್ತಿಲ್ಲ. ಮೂವತ್ತು ವರ್ಷ ಆ ಕವರನ್ನು ಲಾಕರಿನಲ್ಲಿ ಇಟ್ಟಿದ್ದಾರಲ್ಲ, ಅದನ್ನೊಮ್ಮೆ ಯೋಚಿಸಿ. ನಿಮಗೆ ಯಾವತ್ತೂ ಗೊತ್ತಾಗಲೇಬಾರದು ಎಂದಿದ್ದರೆ ಒಂದು ಸಂಜೆ ಹಂಡೆ ಒಲೆಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಹೇಳಬೇಕು ಅಂತಲೇ ಇಟ್ಟು, ಹೇಳೋಕೆ ಬಾಯಿ ಬಾರದೆ ದಿನ ತಳ್ಳಿದ್ದಾರೆ ಅಂತ ನನಗೆ ಕಾಣುತ್ತೆ. ಅದೂ ಅಲ್ಲದೆ, ನಿಮ್ಮನ್ನು ಕೈಗೆ ಕೊಟ್ಟ ದಿನ ಅಲ್ಲಿನವರು ಬಾಯಿಮಾತಲ್ಲಿ ಏನು ಹೇಳಿದರು ಅನ್ನುವುದು ಯಾವ ಕಡತದಲ್ಲೂ ಇರುವುದಿಲ್ಲ. ಅದು ಅಮ್ಮನ ತಲೆಯಲ್ಲಿದೆ. ಅಳು ಬರುತ್ತೆ, ಇಬ್ಬರಿಗೂ. ‘ಅಮ್ಮ, ಲಾಕರಿನಲ್ಲಿದ್ದ ಹಳದಿ ಕವರ್ ನೋಡಿದೆ’ ಎಂದು ಶುರುಮಾಡಿ. ಅಷ್ಟು ಹೇಳಿ ಸುಮ್ನೆ ಕೂತುಕೊಳ್ಳಿ. ಮುಂದಿನ ಮಾತು ಅವರೇ ಆಡಲಿ.

ಏನಂತ ಕರೀಲಿ ಅಂದಿರಲ್ಲ. ಮೊದಲ ಸಲ ಏನೂ ಕರೆಯಬೇಡಿ. ‘ನೀವು’ ಸಾಕು. ನಮ್ಮ ಅಜ್ಜಿಯರು ‘ರೀ’, ‘ಇವರೇ’ ಅಂದುಕೊಂಡು ಗಂಡನ ಹೆಸರೇ ಎತ್ತದೆ ಐವತ್ತು ವರ್ಷ ಸಂಸಾರ ಮಾಡಿಲ್ಲವಾ? ಹೆಸರು ಹಿಡಿಯದೆ ಮಾತಾಡೋಕೆ ಕನ್ನಡದಲ್ಲಿ ಬೇಕಾದಷ್ಟು ಜಾಗ ಇದೆ.

ಮೇಡಂ ಅವರಿಗೆ ನಮಸ್ಕಾರ. ನಾನು ಗದಗ ಜಿಲ್ಲೆಯವ, ಶಾಲೆ ಮಾಸ್ತರ, ವಯಸ್ಸು 46. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ ಎಂದು ನನ್ನನ್ನು ಎರಡು ವರ್ಷದವನಿದ್ದಾಗ ಅವರಿಗೆ ಕೊಟ್ಟರು. ದೊಡ್ಡವ್ವನೇ ಅವ್ವ ಆದಳು. ಹಡೆದವಳನ್ನು ಚಿಗವ್ವ ಎಂದು ಕರೆದು ಬೆಳೆದೆ. ಓಣಿ ಒಂದೇ, ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಈಗ ಚಿಗವ್ವ ಹಾಸಿಗೆ ಹಿಡಿದಿದ್ದಾಳೆ. ಹೋದರೆ ನನ್ನ ಕೈ ಹಿಡಿದುಕೊಂಡು ಬಿಡುವುದಿಲ್ಲ. ತಮ್ಮಂದಿರಿಗೆ ಇದು ಸರಿ ಬರುತ್ತಿಲ್ಲ. ಪಾಲು ಕೇಳಲು ಬಂದಿದ್ದಾನೆ ಎಂದು ಹೊರಗೆ ಆಡುತ್ತಾರೆ. ಒಂದು ಕಾಗದಕ್ಕೆ ಸಹಿ ಮಾಡು ಅನ್ನುತ್ತಿದ್ದಾರೆ. ನನಗೆ ಆಕೆಯ ಹೊಲ ಬೇಡ. ಆದರೆ ಒಂದೇ ಒಂದು ಸಲ ಅವ್ವ ಎಂದು ಕರೆಯಬೇಕು ಅನ್ನಿಸುತ್ತದೆ. ನಾಳೆ ಆಕೆ ಹೋದರೆ ಮಣ್ಣಿಗೆ ಮಗನಾಗಿ ಹೋಗಲೋ, ಭಾವನ ಮಗನಾಗಿ ಹೋಗಲೋ?
— ಒಬ್ಬ ಮಾಸ್ತರ

ಮಾಸ್ತರರೇ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಕೆಳಗಿಟ್ಟೆ. ನಮ್ಮ ಮನೆಯದ್ದೇ ಕತೆ ಇದು. ನನ್ನ ದೊಡ್ಡಣ್ಣ ಸೋದರತ್ತೆಗೆ ದತ್ತು ಹೋದವನು. ನಮ್ಮಮ್ಮನನ್ನು ಅವನು ‘ಅತ್ತೆ’ ಎಂದೇ ಕರೆಯುತ್ತಿದ್ದ. ದೀಪಾವಳಿಗೆ ಎಲ್ಲರೂ ಸೇರುತ್ತಿದ್ದೆವು. ನಮ್ಮೆಲ್ಲರ ತಲೆಗೆ ಎಣ್ಣೆ ಒತ್ತಿ, ಅವನ ಸರದಿ ಬಂದಾಗ ಅಮ್ಮ ಬಟ್ಟಲು ಹಿಡಿದುಕೊಂಡು ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆ ‘ಹಚ್ಚು’ ಅಂದರೆ ಹಚ್ಚುತ್ತಿದ್ದಳು. ಒಂದು ವರ್ಷ ಅತ್ತೆ ‘ಕೊಡು, ನಾನೇ ಹಚ್ತೀನಿ’ ಅಂದುಬಿಟ್ಟರು. ಅಮ್ಮ ಬಟ್ಟಲು ಕೊಟ್ಟು ಬಚ್ಚಲಿಗೆ ಹೋಗಿ ಹಂಡೆಗೆ ಸೌದೆ ತುರುಕಿದಳು, ನೀರು ಆಗಲೇ ಕೊತಕೊತ ಕುದಿಯುತ್ತಿತ್ತು. ಅಣ್ಣನಿಗೆ ಆಗ ಒಂಬತ್ತು ವರ್ಷ. ಅವನಿಗೆ ಇದೆಲ್ಲ ಗೊತ್ತಾಗುತ್ತಿತ್ತು ಎಂದು ಅವನೇ ಹೇಳಿದ್ದು ಅಮ್ಮ ಹೋದ ಮೇಲೆ. ನಿಮ್ಮ ಚಿಗವ್ವ ಇನ್ನೂ ಇದ್ದಾರೆ. ಹೋಗಿ ಕರೆಯಿರಿ. ತಮ್ಮಂದಿರು ಹೊಲಕ್ಕೆ ಹೋದ ಹೊತ್ತು ನೋಡಿಕೊಂಡು ಹೋಗಿ ಬೇಕಾದರೆ. ಅದಕ್ಕೆ ನಿಮ್ಮ ಅವ್ವನ ಅಪ್ಪಣೆ ಬೇಕು ಅನ್ನಿಸಿದರೆ, ಅವರಿನ್ನೂ ಇದ್ದರೆ, ಕೇಳಿಕೊಂಡೇ ಹೋಗಿ. ಆ ವಯಸ್ಸಿನಲ್ಲಿ ಬೇಡ ಅನ್ನುವವರು ಕಡಿಮೆ.

ಕಾಗದಕ್ಕೆ ಮಾತ್ರ ಅವಸರದಲ್ಲಿ ಸಹಿ ಹಾಕಬೇಡಿ. ಹೊಲ ಬೇಡ ಅನ್ನುವವರೂ ಓದದೆ ಸಹಿ ಹಾಕಬಾರದು. ಮೊದಲು ತಿಳಿಯಬೇಕಾದ್ದು, ನಿಮ್ಮದು ಕಾನೂನಿನ ಲೆಕ್ಕಕ್ಕೆ ದತ್ತು ಹೌದಾ ಅನ್ನುವುದು. 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ಕೊಡುವವರು ಕೊಟ್ಟು, ತಗೊಳ್ಳುವವರು ತಗೊಂಡಿರಬೇಕು, ದತ್ತು ಎನ್ನುವ ಉದ್ದೇಶದಿಂದಲೇ. ಹೋಮ ಕಡ್ಡಾಯವಲ್ಲ. ರಿಜಿಸ್ಟರ್ ಆದ ದತ್ತಕ ಪತ್ರ ಇದ್ದರೆ, ಸುಳ್ಳೆಂದು ಯಾರಾದರೂ ಸಾಬೀತು ಮಾಡುವ ತನಕ ಕೋರ್ಟು ಅದನ್ನು ಒಪ್ಪಿಕೊಂಡು ನಡೆಯುತ್ತೆ. ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ‘ಕೊಟ್ಟೆವು’ ಅಂದರೆ ಸಾಕಲು ಕಳಿಸಿದೆವು ಅಷ್ಟೇ. ಹಾಗಿದ್ದರೆ ನೀವು ಈಗಲೂ ಕಾನೂನಿಗೆ ಹಡೆದವರ ಮಗನೇ. ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರು ಯಾರದ್ದು? ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ವಂಶವೃಕ್ಷ ಮಾಡಿಸಿದಾಗ ನಿಮ್ಮ ಹೆಸರು ಯಾವ ಕೊಂಬೆಗೆ ಬಿತ್ತು? ಅದನ್ನು ನೋಡಿ. ತಮ್ಮಂದಿರಿಗೆ ಸಹಿ ಯಾಕೆ ಬೇಕಾಗಿದೆ ಎಂಬುದು ಅಲ್ಲೇ ಗೊತ್ತಾಗಬಹುದು.

ದತ್ತು ಸರಿಯಾಗಿ ಆಗಿದ್ದರೆ ಹುಟ್ಟಿದ ಮನೆಯ ಸಂಬಂಧ ಕಾನೂನಿನಲ್ಲಿ ಆ ದಿನವೇ ಕಡಿಯಿತು. ಆ ಮನೆಯ ವಾರಸುದಾರಿಕೆ ನಿಮಗೆ ಬರುವುದಿಲ್ಲ, ದತ್ತಿಗೆ ಮೊದಲೇ ನಿಮ್ಮ ಹೆಸರಿಗೆ ಬಂದ ಆಸ್ತಿ ಇದ್ದರೆ ಅದೊಂದು ಮಾತ್ರ ನಿಮ್ಮದಾಗಿಯೇ ಉಳಿಯುತ್ತೆ. ಚಿಗವ್ವ ತಾವಾಗಿ ಮೃತ್ಯುಪತ್ರ ಬರೆದು ತಮ್ಮ ಸ್ವಂತದ್ದನ್ನು ಕೊಟ್ಟರೆ ಅದು ಬೇರೆ. ಕಾನೂನು ಕಡಿಯದೆ ಬಿಟ್ಟಿರುವ ಎಳೆ ಒಂದೇ, ಮದುವೆಯದು. ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ದತ್ತು ಹೋದ ಮೇಲೂ ಆಗುವಂತಿಲ್ಲ. ಕಾಯ್ದೆಗೂ ರಕ್ತದ ನೆನಪು ಅಷ್ಟರಮಟ್ಟಿಗೆ ಇದೆ ನೋಡಿ.

ಮಣ್ಣಿಗೆ ಹೆಗಲು ಕೊಡುವವರ ಹತ್ತಿರ ಯಾರೂ ವಂಶವೃಕ್ಷ ಕೇಳುವುದಿಲ್ಲ. ಹೆಗಲು ಕೊಡಿ.

ನನಗೆ 52 ವರ್ಷ. 19ನೇ ವಯಸ್ಸಿನಲ್ಲಿ ಒಂದು ತಪ್ಪಾಯಿತು. ಗಂಡು ಮಗು. ಎಂಟು ದಿನ ನನ್ನ ಹತ್ತಿರ ಇತ್ತು. ಆಮೇಲೆ ನಮ್ಮಪ್ಪ ಬೆಂಗಳೂರಿನ ಒಂದು ಆಶ್ರಮದಲ್ಲಿ ಬಿಟ್ಟು ಬಂದರು, ನಾನು ಸಹಿ ಮಾಡಿದೆ. ಮದುವೆಯಾಗಿ 30 ವರ್ಷ. ನಮ್ಮ ಮನೆಯವರಿಗೆ ಗೊತ್ತಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದೇವೆ. ಹೋದ ವಾರ ಒಂದು ಫೋನ್ ಬಂತು, ಮಕ್ಕಳ ರಕ್ಷಣಾ ಘಟಕದಿಂದ ಅಂದರು. ‘ಹಳೇ ಒಂದು ವಿಷಯ ಮಾತಾಡಬೇಕಿತ್ತು, ಈಗ ಮಾತಾಡಬಹುದಾ’ ಎಂದು ಕೇಳಿದರು. ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ. ಆಮೇಲೆ ದೇವರ ಕೋಣೆಯಲ್ಲಿ ಕೂತು ಅತ್ತೆ. ಅವನು ಬದುಕಿದ್ದಾನೆ ಅನ್ನೋದು ಅವತ್ತು ಗೊತ್ತಾಯಿತು. ನಾನು ಏನು ಮಾಡಲಿ? ನನ್ನ ವಿಳಾಸ ಹಾಕಬೇಡಿ.

ವಿಳಾಸ ನೀವು ಬರೆದೇ ಇಲ್ಲ ತಾಯಿ, ಹೆದರಬೇಡಿ. ಮೊದಲು ಒಂದು ಮಾತು. ‘ತಪ್ಪಾಯಿತು’ ಅಂದಿದ್ದೀರಿ. 19ರ ಹುಡುಗಿ ಒಬ್ಬಳೇ ಮಾಡಿದ್ದಲ್ಲ ಅದು, ಇನ್ನೊಬ್ಬ ಇದ್ದನಲ್ಲ, ಅವನಿಗೆ ಯಾವ ಇಲಾಖೆಯಿಂದಲೂ ಫೋನ್ ಬಂದಿಲ್ಲ.

ನಿಮ್ಮ ಕೈಯಲ್ಲಿ ಏನಿದೆ ಎಂದು ತಿಳಿದುಕೊಳ್ಳಿ. ಮಗುವಿಗೆ ತನ್ನ ಮೂಲ ತಿಳಿಯುವ ಹಕ್ಕಿದೆ, ಆದರೆ ಅದು ಹೆತ್ತವರ ಖಾಸಗಿತನವನ್ನು ಮೀರುವಂತಿಲ್ಲ ಎಂದು ನಿಯಮವೇ ಹೇಳುತ್ತೆ. ಅಧಿಕಾರಿಗಳು ನಿಮ್ಮ ವಿಷಯವನ್ನು ಬಹಿರಂಗ ಮಾಡುವಂತಿಲ್ಲ. ಅಂದರೆ ನಿಮ್ಮ ಮನೆ ಬಾಗಿಲಿಗೆ ಆ ಹುಡುಗನನ್ನು ಕರೆದುಕೊಂಡು ಬರುವುದಿಲ್ಲ. ಆ ನಂಬರಿಗೆ ನೀವೇ ಫೋನ್ ಮಾಡಿ. ನಿಜವಾಗಿ ಅದು ಇಲಾಖೆಯದ್ದೇ ನಂಬರಾ ಎಂದು ಜಿಲ್ಲಾ ಕಚೇರಿಯಲ್ಲಿ ಮೊದಲು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಹೇಳಿ: ಇಂಥ ಹೊತ್ತಿನಲ್ಲಿ ಮಾತ್ರ ಕರೆ ಮಾಡಿ, ಮನೆಗೆ ಕಾಗದ ಕಳಿಸಬೇಡಿ, ನಾನೇ ಕಚೇರಿಗೆ ಬರುತ್ತೇನೆ. ಅಷ್ಟು ಕೇಳೋದಕ್ಕೆ ಸಂಕೋಚ ಬೇಡ.

ಭೇಟಿ ಬೇಡ ಅನ್ನಬಹುದು. ಈಗ ಬೇಡ, ಮಗಳ ಮದುವೆ ಮುಗಿಯಲಿ ಅನ್ನಬಹುದು. ಹೆಸರು, ಊರು ಇಲ್ಲದೆ ಒಂದು ಕಾಗದ ಮಾತ್ರ ಕಳಿಸುತ್ತೇನೆ ಅನ್ನಬಹುದು. ನನ್ನನ್ನು ಕೇಳಿದರೆ, ಬೇರೆ ಏನೂ ಆಗದಿದ್ದರೂ ಆ ಕಾಗದವನ್ನಾದರೂ ಬರೆಯಿರಿ. ದೊಡ್ಡ ದೊಡ್ಡ ಮಾತು ಬೇಡ. ಅವನು ಹುಟ್ಟಿದ ದಿನ, ಹೊತ್ತು ಬರೆಯಿರಿ. ಬೆಳಗ್ಗೆಯೋ, ದೀಪ ಹಚ್ಚೋ ಹೊತ್ತೋ? ದತ್ತು ಹೋದ ದೊಡ್ಡವರ ಜೊತೆ ಕೂತು ಮಾತಾಡಿದ್ದೇನೆ, ಅವರಿಗೆ ಎಲ್ಲಿ ಚುಚ್ಚುತ್ತೆ ಗೊತ್ತಾ? ದೇವಸ್ಥಾನದಲ್ಲಿ. ಅರ್ಚನೆಗೆ ತಟ್ಟೆ ಕೊಟ್ಟರೆ ‘ಗೋತ್ರ, ನಕ್ಷತ್ರ?’ ಅನ್ನುತ್ತಾರೆ. ಗೋತ್ರ ಅಪ್ಪನದ್ದು ಹೇಳುತ್ತಾರೆ. ನಕ್ಷತ್ರಕ್ಕೆ ಬಂದಾಗ ತಡವರಿಸಿ ‘ದೇವರ ಹೆಸರಲ್ಲೇ ಮಾಡಿ’ ಅಂದುಬಿಡುತ್ತಾರೆ. ನಿಮ್ಮ ಮಗನ ನಕ್ಷತ್ರ ಗೊತ್ತಿರುವುದು ಭೂಮಿ ಮೇಲೆ ನಿಮಗೊಬ್ಬರಿಗೆ. ಎಂಟು ದಿನ ಏನಂತ ಕರೆದಿರಿ, ಅದನ್ನೂ ಬರೆಯಿರಿ. ನಿಮ್ಮ ಮನೆತನದಲ್ಲಿ ಶುಗರ್, ಬಿಪಿ, ಹಾರ್ಟಿನ ತೊಂದರೆ ಇದ್ದರೆ ಅದನ್ನೂ.

ಯಜಮಾನರಿಗೆ ಹೇಳಬೇಕಾ ಅನ್ನುವುದನ್ನು ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ. 30 ವರ್ಷ ಜೊತೆಗಿದ್ದವರು ಎಂಥವರು ಎಂದು ನಿಮಗೆ ಗೊತ್ತು.

ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಡಚ್ ಗೆಳತಿ ಹುಟ್ಟಿದ್ದು ಬೆಂಗಳೂರಿನಲ್ಲಂತೆ, 1980ರ ದಶಕದ ಶುರುವಿನಲ್ಲಿ ಇಲ್ಲಿಗೆ ದತ್ತು ಬಂದವಳು. ಕನ್ನಡ ಒಂದಕ್ಷರ ಬರುವುದಿಲ್ಲ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅವಳ ಪರವಾಗಿ ನಾನೇ ಆಶ್ರಮಕ್ಕೆ ಹೋಗಿ ವಿಚಾರಿಸಬಹುದಾ?

ಒಳ್ಳೆ ಮನಸ್ಸು, ಆದರೆ ಆಗುವುದಿಲ್ಲ. ಮೂರನೆಯವರು ರೂಟ್ ಸರ್ಚ್ ಮಾಡುವುದನ್ನು ನಿಯಮ ಒಪ್ಪುವುದಿಲ್ಲ. ಅರ್ಜಿ ಅವರ ಹೆಸರಿನಲ್ಲೇ ಹೋಗಬೇಕು. ಅವರನ್ನು ದತ್ತು ಕೊಡಿಸಿದ ಅಲ್ಲಿನ ಸಂಸ್ಥೆ, ನಮ್ಮ ರಾಯಭಾರ ಕಚೇರಿ, ಇಲ್ಲವೇ ನೇರವಾಗಿ ಕಾರಾ, ಯಾವುದರ ಮೂಲಕವಾದರೂ ಕೇಳಬಹುದು. ಒಂದು ವಿಷಯ ಅವರಿಗೆ ಹೇಳಿಡಿ. ಅವರು ಹೋದದ್ದು ವಿದೇಶಿ ದತ್ತಿಗೆ ಇಲ್ಲಿ ಸರಿಯಾದ ಕಟ್ಟುಪಾಡು ಬರುವ ಮೊದಲು. ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರ ಪತ್ರದ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1984ರಲ್ಲಿ. ಮಗು ಬೆಳೆದು ದೊಡ್ಡದಾದ ಮೇಲೆ ಹೆತ್ತವರ ಬಗ್ಗೆ ತಿಳಿಸಲು ಅಂಥ ಅಡ್ಡಿಯೇನಿಲ್ಲ ಎಂಬ ಮಾತು ಅದರಲ್ಲೇ ಇದೆ. ಅದಕ್ಕೂ ಹಿಂದಿನ ಕಾಗದಗಳು ಅಚ್ಚುಕಟ್ಟಾಗಿರುತ್ತವೆ ಎಂದು ನಂಬಿಕೊಂಡು ಬರಬಾರದು. ಡಚ್ ಸರ್ಕಾರವೇ ಹಳೆಯ ದತ್ತುಗಳ ತನಿಖೆ ಮಾಡಿಸಿ, ಅದರಲ್ಲಿ ಕಂಡ ಅಕ್ರಮ ನೋಡಿ 2021ರ ಫೆಬ್ರವರಿಯಲ್ಲಿ ವಿದೇಶಿ ದತ್ತನ್ನು ತಡೆಹಿಡಿದದ್ದು ಅವರಿಗೆ ಗೊತ್ತೇ ಇರುತ್ತೆ.

ನೀವು ಮಾಡಬಹುದಾದ ಕೆಲಸ ಬೇರೆ ಇದೆ. ಅವರು ಬಂದ ದಿನ ಪಕ್ಕದಲ್ಲಿ ಕೂತು ಕನ್ನಡವನ್ನು ಇಂಗ್ಲಿಷಿಗೆ ಮಾಡಿ ಹೇಳಿ, ಕಚೇರಿಯವರ ಒಪ್ಪಿಗೆ ಪಡೆದು. ಹೇಳುವಾಗ ಮಾತನ್ನು ಸಿಹಿ ಮಾಡೋಕೆ ಹೋಗಬೇಡಿ. ಎದುರಿಗಿದ್ದವರು ‘ಹೊಟ್ಟೆಗಿರಲಿಲ್ಲ, ಕೊಟ್ವಿ’ ಅಂದರೆ ಅಷ್ಟೇ ಹೇಳಿ.

ಹೆತ್ತ ಮನೆಯವರು ಸಿಕ್ಕು ಎಂಟು ತಿಂಗಳಾಯಿತು. ತುಂಬ ಬಡವರು. ಮೊದಲು ತಾಯಿಯ ಕಣ್ಣಿನ ಆಪರೇಷನ್‌ಗೆ ಕೊಟ್ಟೆ, ಖುಷಿಯಿಂದಲೇ. ಆಮೇಲೆ ತಮ್ಮನ ಬೈಕಿಗೆ. ಈಗ ಸಂಘದ ಸಾಲ ತೀರಿಸು ಅನ್ನುತ್ತಿದ್ದಾರೆ. ‘ನೀನು ದೊಡ್ಡ ಮನೆಯಲ್ಲಿ ಬೆಳೆದೆ, ನಾವು ಇಲ್ಲೇ ಉಳಿದ್ವಿ’ ಅಂತಾನೆ ತಮ್ಮ. ಇಲ್ಲ ಅನ್ನೋಕೆ ಆಗ್ತಿಲ್ಲ.
— ಬೆಂಗಳೂರು, ಐಟಿ ಉದ್ಯೋಗಿ

ದತ್ತು ಅಂದ ಕೂಡಲೇ ನಮ್ಮ ಜನ ಕರ್ಣನನ್ನು ತರುತ್ತಾರೆ. ಈ ಸಲದ ಪತ್ರಗಳಲ್ಲೂ ಮೂರು ಕಡೆ ಬಂದಿದ್ದಾನೆ, ನನಗೆ ಸಾಕಾಗಿದೆ. ಆದರೂ ನಿಮ್ಮ ವಿಷಯಕ್ಕೆ ಅವನು ಕೆಲಸಕ್ಕೆ ಬರುತ್ತಾನೆ. ಕುಂತಿ ಬಂದದ್ದು ಕೇಳೋಕೆ. ಕರ್ಣ ಕೊಡಬಹುದಾದ್ದನ್ನು ಕೊಟ್ಟ, ಪಕ್ಷ ಮಾತ್ರ ಬಿಡಲಿಲ್ಲ. ಎಲ್ಲಿಗೆ ನಿಲ್ಲಬೇಕು ಎಂದು ಅವನಿಗೆ ಗೊತ್ತಿತ್ತು.

ನಿಮ್ಮ ತಮ್ಮನ ಮಾತಿನಲ್ಲಿ ಸುಳ್ಳಿಲ್ಲ, ಅದಕ್ಕೇ ಅದು ನಿಮ್ಮನ್ನು ಹಿಡಿದಿರುವುದು. ಹಾಗಂತ ಅದು ಸಾಲದ ಚೀಟಿಯೂ ಅಲ್ಲ. ಆ ಮನೆಯ ಸಾಲಕ್ಕೆ ನೀವು ಕಾನೂನಿನಲ್ಲಿ ಬಾಧ್ಯಸ್ಥರಲ್ಲ. ಹೆಂಡತಿ ಜೊತೆ, ಸಾಕಿದ ಅಪ್ಪ ಅಮ್ಮನ ಜೊತೆ ಕೂತು ವರ್ಷಕ್ಕೆ ಇಷ್ಟು ಎಂದು ಒಂದು ಮೊತ್ತ ಗೊತ್ತುಮಾಡಿ. ಅದನ್ನು ಹೆತ್ತ ತಾಯಿಯ ಔಷಧಿಗೆ ಇಡಿ, ಮೆಡಿಕಲ್ ಶಾಪಿಗೋ ಆಸ್ಪತ್ರೆಗೋ ನೇರವಾಗಿ ಕಟ್ಟಿ. ತಮ್ಮನಿಗೆ ‘ಅಮ್ಮನ ಖರ್ಚು ನನ್ನದು, ಬೇರೆ ಕೇಳಬೇಡ’ ಎಂದು ಒಂದೇ ಸಲ ಹೇಳಿ. ಸಿಟ್ಟಾಗುತ್ತಾನೆ. ಎರಡು ತಿಂಗಳು ಫೋನ್ ಎತ್ತದೇ ಇರಬಹುದು. ಆ ಎರಡು ತಿಂಗಳಲ್ಲೂ ದುಡ್ಡಿನ ಮಾತಿಲ್ಲದೆ ಒಂದು ಸಲ ಸುಮ್ನೆ ಊರಿಗೆ ಹೋಗಿ ಬನ್ನಿ. ಬರೀ ಕೈಯಲ್ಲಿ ಹೋದಾಗ ಹೇಗೆ ಮಾತಾಡಿಸುತ್ತಾರೆ ಅನ್ನುವುದು ನಿಮಗೂ ಗೊತ್ತಾಗಬೇಕು ಅಲ್ವಾ. ಒಡಹುಟ್ಟಿದವರ ಜಗಳವೂ ಇದರಲ್ಲಿ ಒಂದು ಪಾಲು ಇದೆ ಅಂತ ನನಗೆ ಅನ್ನಿಸುತ್ತೆ. ಜೊತೆಗೆ ಬೆಳೆದಿದ್ದರೆ ಈ ಹೊತ್ತಿಗೆ ನೀವಿಬ್ಬರೂ ಹತ್ತು ಸಲ ಮಾತು ಬಿಟ್ಟಿರುತ್ತಿದ್ದಿರಿ.

ಮುಂದಿನ ಭಾನುವಾರ ನನ್ನ ಮಗ ಅವನ ಹೆತ್ತ ತಾಯಿಯನ್ನು ನೋಡಲು ಕೋಲಾರಕ್ಕೆ ಹೋಗುತ್ತಿದ್ದಾನೆ. 27 ವರ್ಷದವನು. ಅವನಿಗೆ ಚಿಕ್ಕಂದಿನಲ್ಲೇ ಹೇಳಿದ್ದೆವು. ‘ನೀನು ಬರಬೇಡಮ್ಮ, ನಾನೊಬ್ಬನೇ ಹೋಗ್ತೀನಿ’ ಅಂದ. ಆಕೆಗೆ ಒಂದು ಸೀರೆ, ಅರಿಶಿನ ಕುಂಕುಮ ಕಳಿಸಬೇಕು ಅಂತ ಆಸೆ. ಕಳಿಸಬಹುದಾ?
— ಒಬ್ಬ ತಾಯಿ, ಬೆಂಗಳೂರು

ಸೀರೆ ಈ ಸಲ ಬೇಡ. ‘ಇದು ಯಾರು ಕೊಟ್ಟಿದ್ದು’ ಎಂದು ಆಕೆಯ ಮನೆಯಲ್ಲಿ ಯಾರಾದರೂ ಕೇಳಿದರೆ ಆಕೆ ಏನು ಹೇಳಬೇಕು? ಅರಿಶಿನ ಕುಂಕುಮವೂ ಬೇಡ, ಆಕೆಯ ಗಂಡ ಇದ್ದಾರೋ ಇಲ್ಲವೋ ನಿಮಗೆ ಗೊತ್ತಿಲ್ಲ. ಮಗನ ಫೋಟೊ ಒಂದೆಂಟು ಪ್ರಿಂಟ್ ಹಾಕಿಸಿ ಕವರಿನಲ್ಲಿ ಕೊಡಿ. ತೊಟ್ಟಿಲಲ್ಲಿದ್ದದ್ದು, ಹಲ್ಲು ಬಿದ್ದದ್ದು, ಸ್ಕೂಲ್ ಯೂನಿಫಾರ್ಮಿನದು. ಅಲ್ಲೇ ನೋಡಿ ವಾಪಸ್ ಕೊಡಬಹುದು, ಇಟ್ಟುಕೊಳ್ಳಬಹುದು, ಅದು ಆಕೆಗೆ ಬಿಟ್ಟಿದ್ದು ಎಂದು ಮಗನಿಗೆ ಹೇಳಿಕಳಿಸಿ.

ಅವನು ಬೇಡ ಅಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನೀವು ಪಕ್ಕದಲ್ಲಿದ್ದರೆ ಅವನು ನಿಮ್ಮ ಮುಖವನ್ನೇ ನೋಡುತ್ತಾ ಕೂರುತ್ತಾನೆ, ಆಕೆಯ ಮುಖ ನೋಡೋಕಾಗುವುದಿಲ್ಲ. ಮಧ್ಯಾಹ್ನ ಫೋನ್ ಮಾಡಬೇಡಿ. ಬಂದ ಕೂಡಲೇ ‘ಹೇಗಿದ್ದಾರೆ, ಏನಂದರು, ನೀನು ಏನಂತ ಕರೆದೆ’ ಎಂದು ಕೇಳಬೇಡಿ. ರಾತ್ರಿಗೆ ಅನ್ನ, ಅವನಿಗೆ ಇಷ್ಟವಾದ ಸಾರು ಮಾಡಿಟ್ಟಿರಿ. ಭಾನುವಾರ ಸಂಜೆ ಕೋಲಾರದಿಂದ ಬರುವ ಬಸ್ಸುಗಳು ಕೆ.ಆರ್. ಪುರಂ ಹತ್ತಿರ ನಿಂತುಬಿಡುತ್ತವೆ, ಬರೋದು ಹೊತ್ತಾಗುತ್ತೆ.